ಒಂದು ಕಣ್ಣು ತೆರೆದ ಬುದ್ಧ

ನಮ್ಮ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸಲು ಒಂದು ಮರದ ಬಳೆ ಇದೆ. ಸರಿಯಾಗಿ ನೋಡಿದರೆ ಒಂದರೊಳಗೊಂದು ಕೂರುವ ಎರಡು ಬಳೆಗಳು. ಹೊರಗಿನದಕ್ಕೆ ಹಿತ್ತಾಳೆಯ ತಿರುಪು. ಸೊಸೆ ಬೀದರಿನ ನೌಬಾದಿನ ಈ ಮನೆಗೆ ಬಂದ ಹೊಸತರಲ್ಲಿ ಅದೇನೆಂದು ಕೇಳಿದ್ದಳು. "ಬ್ಯಾಳಿ ಗಡಿಗಿ ಇಡೂದು" ಎಂದಿದ್ದೆ. ಸುಳ್ಳಲ್ಲ. ಆದರೆ ಅದು ಕಸೂತಿಯ ರಿಂಗು. ನಡುವೆ ಬಟ್ಟೆ ಸಿಕ್ಕಿಸಿ ತಿರುಪು ತಿರುವಿದರೆ ಬಟ್ಟೆ ಹಲಗೆಯಂತೆ ಬಿಗಿದು ನಿಲ್ಲುತ್ತದೆ. ಐವತ್ತು ವರ್ಷಗಳಿಂದ ಅದರ ಮೇಲೆ ಬಟ್ಟೆ ಬಿಗಿದಿಲ್ಲ, ಬೇಳೆ ಕೂತಿದೆ. ನ್ಯಾಯವಾಗಿ ಹೇಳುವುದಾದರೆ, ಆ ರಿಂಗಿನ ಮೇಲೆ ನಾನು ಮಾಡಿದ್ದಕ್ಕಿಂತ ಹೆಚ್ಚು ಕೆಲಸ ಬೇಳೆಯ ಪಾತ್ರೆ ಮಾಡಿದೆ.

ಈ ನ್ಯಾಯದ ಮಾತು ನನಗೆ ಈಗ ನೆನಪಾಗಲು ಕಾರಣ ಪ್ರಜ್ಞಾ. ನನ್ನ ಅಕ್ಕನ ಮೊಮ್ಮಗಳು, ಔರಾದದಲ್ಲಿರುತ್ತಾಳೆ, ಬರುವ ತಿಂಗಳು ಮದುವೆ. ಕಳೆದ ಭಾನುವಾರ ಫೋನು ಮಾಡಿದಳು.

"ಅಜ್ಜಿ, ನನ್ನ ರುಖವತದಾಗ ನಿಮ್ಮ ಬುದ್ಧನ್ನ ಇಡ್ತೇವ್ರಿ. ಕೆಳಗ ಒಂದು ಕಾರ್ಡ್ ಹಚ್ಚೋದದ. ಯಾರು ಮಾಡಿದ್ದು, ಹ್ಯಾಂಗ ಮಾಡಿದ್ದು, ಎರಡೇ ಸಾಲು ಬರದು ಕಳಸ್ರಿ."

ರುಖವತ ಎಂದರೆ ಮದುವೆಯ ದಿನ ಹೆಣ್ಣಿನ ಕಡೆಯವರು ಮೇಜಿನ ಮೇಲೆ ಜೋಡಿಸಿಡುವ ಪ್ರದರ್ಶನ: ಉಂಡೆ, ಹಪ್ಪಳ, ಮಣಿಯ ತೋರಣ, ಕಸೂತಿ, ಎಲ್ಲವೂ ಮದುಮಗಳ ಕೈಯಿಂದಲೇ ಆದದ್ದು ಎಂದು ಹೇಳಲಾಗುತ್ತದೆ. ಹೇಳಲಾಗುತ್ತದೆ, ಅಷ್ಟೇ. ನಮ್ಮ ಗಡಿಸೀಮೆಯಲ್ಲಿ ಇದನ್ನು ನಂಬಿದವರು ಯಾರೂ ಇಲ್ಲ, ನಂಬದೆ ಮದುವೆ ಮಾಡಿಕೊಂಡವರೂ ಇಲ್ಲ.

ಎರಡು ಸಾಲು. ಬೀದರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಎರಡು ಸಾಲು ಏನು ಮಹಾ? ಆಕರ ನೋಡದೆ ಬರೆಯಬೇಡಿ ಎಂದು ಎಷ್ಟು ಹುಡುಗರ ಅಂಕ ಕತ್ತರಿಸಿದ್ದೇನೋ. ಈಗ ನನ್ನ ಸರದಿ ಬಂತು. ನೆನಪು ಒಂದು ಹೇಳುತ್ತದೆ. ಆ ಕಾಲದ ಡೈರಿ ಟ್ರಂಕಿನಲ್ಲಿದೆ, ಅದು ಇನ್ನೊಂದು ಹೇಳುತ್ತದೆ. ಬುದ್ಧನ ಕಸೂತಿಯ ಬಟ್ಟೆ ಅಕ್ಕನ ಮನೆಯ ಗೋಡೆಯ ಮೇಲಿದೆ. ಅದು ಏನು ಹೇಳುತ್ತದೆಂದು ನನಗೆ ಮೊದಲಿನಿಂದಲೂ ಗೊತ್ತು. ಹಾಗಾಗಿಯೇ ಅಕ್ಕನ ಮನೆಗೆ ಹೋದಾಗ ಆ ಗೋಡೆಗೆ ಬೆನ್ನು ಮಾಡಿ ಕೂಡುತ್ತೇನೆ.

ನನ್ನ ನೆನಪಿನ ಪ್ರಕಾರ ನಡೆದದ್ದು ಇಷ್ಟು: ಬರಗಾಲ, ಮನೆ ತುಂಬ ಜನ, ಅಕ್ಕನ ಮದುವೆ. ಅಂಥ ಗದ್ದಲದಲ್ಲೂ ತಂಗಿಯೊಬ್ಬಳು ಮೂಲೆಯಲ್ಲಿ ಕೂತು, ಕಣ್ಣು ನೋಯಿಸಿಕೊಂಡು, ಅಕ್ಕನಿಗಾಗಿ ಕ್ರಾಸ್ ಸ್ಟಿಚ್ಚಿನ ಬುದ್ಧನನ್ನು ಪೂರೈಸಿದಳು. ಬಹಳ ಒಳ್ಳೆಯ ಹುಡುಗಿ. ಓದಿದರೆ ನನಗೇ ಅವಳ ಮೇಲೆ ಪ್ರೀತಿ ಬರುತ್ತದೆ.

ಗದ್ದಲವಂತೂ ನಿಜ. ಆಗ ನಮ್ಮ ಮನೆ ಭಾಲ್ಕಿಯಲ್ಲಿ, ರೈಲು ಸ್ಟೇಷನ್ನಿಗೆ ಕೂಗಳತೆಯಲ್ಲಿ. ಅಪ್ಪ ಸಾಲಿ ಮಾಸ್ತರ. ಎರಡು ವರ್ಷ ಮಳೆ ಕೈಕೊಟ್ಟು, ಔರಾದ ಕಡೆಯ ಹಳ್ಳಿಗಳಿಂದ, ಸಾಯಗಾಂವ ಕಡೆಯಿಂದ ಜನ ಗಂಟು ಕಟ್ಟಿಕೊಂಡು ಮುಂಬೈ, ಪುಣೆ, ಹೈದರಾಬಾದಿಗೆ ಹೊರಟಿದ್ದರು. ಹೊರಟವರಲ್ಲಿ ಅರ್ಧ ನಮ್ಮ ನೆಂಟರು. ಉಳಿದರ್ಧ, ನಮ್ಮ ಮನೆ ಸ್ಟೇಷನ್ನಿನ ಹತ್ತಿರ ಇದೆಯೆಂದು ತಿಳಿದ ಮೇಲೆ ನೆಂಟರಾದವರು. ಮಧ್ಯಾಹ್ನದ ಗಾಡಿ ತಪ್ಪಿದರೆ ನಾಳೆಯವರೆಗೆ ನಮ್ಮಲ್ಲೇ. ಅವ್ವ ರೇಷನ್ನಿನ ಕೆಂಪು ಜೋಳದ ಹಿಟ್ಟು ಕಲಸಿ ಕಲಸಿ ಸೋತಿದ್ದಳು. ಆ ಹಿಟ್ಟಿಗೆ ಜಿಗುಟೇ ಇಲ್ಲ. ಹಂಚಿಗೆ ಹಾಕುವಾಗ ಒಂದಿದ್ದ ರೊಟ್ಟಿ ತೆಗೆಯುವಾಗ ನಾಲ್ಕಾಗುತ್ತಿತ್ತು. "ಮಂದಿ ಹೆಚ್ಚಾದಂಗ ರೊಟ್ಟಿನೂ ಹೆಚ್ಚಾಗ್ತಾವ ನೋಡು" ಎಂದು ಅವ್ವ ನಗುತ್ತಿದ್ದಳು.

ಇದರ ನಡುವೆ ಅಕ್ಕ ಶಾಂತಾಗೆ ಔರಾದದ ವರ ಗಟ್ಟಿಯಾಯಿತು. ವರನ ತಾಯಿಯನ್ನು ಊರೆಲ್ಲ ಸಿಲಾಯಿ ಬಾಯಿ ಎನ್ನುತ್ತಿತ್ತು. ಮನೆಯ ಪಡಸಾಲೆಯಲ್ಲಿ ಮೂರು ಮಷಿನ್ನು ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದ ಹೆಂಗಸು. ಮಾತುಕತೆಗೆ ಬಂದಾಗ, "ನಮಗ ಏನೂ ಬ್ಯಾಡ್ರಿ ಮಾಸ್ತರ, ರುಖವತದಾಗ ಹುಡಗಿ ಕೈದು ಒಂದು ಕಶೀದಾ ಇದ್ರ ಸಾಕು" ಎಂದರು. ಕಶೀದಾ ಎಂದರೆ ಕಸೂತಿ. ಏನೂ ಬೇಡ ಎನ್ನುವವರು ಕೇಳುವ ಆ ಒಂದು ವಸ್ತು ಯಾವಾಗಲೂ ಮನೆಯಲ್ಲಿ ಇಲ್ಲದ್ದೇ ಆಗಿರುತ್ತದೆ. ಅಕ್ಕ ಎರಡು ಕೊಡ ನೀರು ಒಟ್ಟಿಗೆ ಹೊರುವವಳು, ಚೇಳನ್ನು ಚಪ್ಪಲಿಯಿಂದ ಹೊಡೆಯುವವಳು. ಸೂಜಿ ಮಾತ್ರ ಅವಳಿಗೆ ಚೇಳಿಗಿಂತ ಕಡೆ.

ಹೀಗಾಗಿ ಬುದ್ಧ ನನ್ನ ಪಾಲಿಗೆ ಬಂದ. ನಾನು ಬೀದರಿನಲ್ಲಿ ಬಿ.ಎ. ಓದುತ್ತಿದ್ದೆ, ರಜೆಯಲ್ಲಿ ಮನೆಗೆ ಬಂದಿದ್ದೆ. ಹಿಂದೊಮ್ಮೆ ಕರ್ಚೀಫಿನ ಮೂಲೆಗೆ ಒಂದು ಗುಲಾಬಿ ಹಾಕಿದ ಅನುಭವವಿತ್ತು. ನೋಡಿದ ಗೆಳತಿ ಎಲೆಕೋಸು ಚೆನ್ನಾಗಿದೆ ಎಂದಿದ್ದಳು. ಬೀದರಿನಿಂದ ಬಿಳಿ ಮ್ಯಾಟಿ ಬಟ್ಟೆ, ಬಣ್ಣದ ದಾರದ ಲಡಿಗಳು, ಈ ರಿಂಗು, ಚೌಕಗಳ ಕಾಗದದಲ್ಲಿ ಬರೆದ ನಮೂನೆ ತಂದೆ. ಕಮಲದ ಮೇಲೆ ಕೂತ ಬುದ್ಧ, ಎರಡೂ ಕಣ್ಣು ಮುಚ್ಚಿದ್ದಾನೆ. ಕಾಗದದ ಒಂದು ಚೌಕಕ್ಕೆ ಬಟ್ಟೆಯ ಮೇಲೆ ಒಂದು ಗುಣಾಕಾರದ ಗುರುತು: ಒಂದು ಓರೆ ದಾರ, ಅದರ ಮೇಲೆ ಹಾಯುವ ಇನ್ನೊಂದು. ಎಣಿಸುತ್ತ ಹೋದರಾಯಿತು, ಬುದ್ಧಿ ಬೇಕಿಲ್ಲ. ಅದಕ್ಕೇ ಕಷ್ಟ.

ಇನ್ನು ಡೈರಿ. ಅದರಲ್ಲಿ ಬುದ್ಧನ ಪ್ರಗತಿಯ ವರದಿ ದಿನವೂ ಇದೆ. ಮೊದಲ ಹತ್ತು ದಿನ ಹೀಗೆ: "ಕಮಲದ ಒಂದು ದಳ. ಮನೆಯಲ್ಲಿ ಹದಿನಾಲ್ಕು ಜನ." "ದಳ ತಪ್ಪಿತು, ಬಿಚ್ಚಿದೆ. ಹದಿನೇಳು ಜನ." "ಎರಡನೇ ದಳ. ಸಾಯಗಾಂವದ ಅತ್ತೆ ಬಂದಿದ್ದಾಳೆ, ಆಕೆ ಒಬ್ಬಳೇ ನಾಲ್ಕು ಜನ." ಆಮೇಲೆ ಒಮ್ಮೆಲೇ ಬುದ್ಧನಿಗೆ ವೇಗ ಬರುತ್ತದೆ. "ಎರಡೂ ಮೊಣಕಾಲು ಮುಗಿದವು." "ಬುದ್ಧ ಎದೆಯವರೆಗೆ ಬಂದ." ಅದೇ ಪುಟಗಳ ಅಂಚಿನಲ್ಲಿ ನಾನು ಓದುತ್ತಿದ್ದ ಕಾದಂಬರಿಗಳ ಲೆಕ್ಕವೂ ಇದೆ: ಬುದ್ಧ ಎದೆ ದಾಟಿದ ದಿನ ನಾನು ನೂರಾ ಇಪ್ಪತ್ತು ಪುಟ ದಾಟಿದ್ದೇನೆ. ಇತಿಹಾಸದ ವಿದ್ಯಾರ್ಥಿ ಇಂಥ ಆಕರ ತಂದಿದ್ದರೆ, ಈಕೆಗೆ ಎಷ್ಟು ಕೈ ಇದ್ದವಪ್ಪಾ ಎಂದು ಕೇಳುತ್ತಿದ್ದೆ.

ನನ್ನ ವ್ಯವಸ್ಥೆ ಆ ಕಾಲಕ್ಕೆ ಬಹಳ ಚೊಕ್ಕವಾಗಿತ್ತು. ಅಡುಗೆಮನೆಗೆ ಕರೆದರೆ, ಅಕ್ಕನ ಬುದ್ಧ ಇದ್ದಾನಲ್ಲ. ಬುದ್ಧ ಎಲ್ಲಿಗೆ ಬಂದ ಎಂದರೆ, ಪರೀಕ್ಷೆ ಇದೆಯಲ್ಲ. ಓದುತ್ತಿದ್ದದ್ದು ಪರೀಕ್ಷೆಯದಲ್ಲ ಎಂದು ತಿಳಿಯುವಷ್ಟು ಇಂಗ್ಲಿಷ್ ಆ ಮನೆಯಲ್ಲಿ ಅಪ್ಪನಿಗೊಬ್ಬನಿಗೇ ಬರುತ್ತಿತ್ತು. ಆತ ಸ್ಟೇಷನ್ನಿಗೂ ಮನೆಗೂ ನಡುವೆ ನೆಂಟರ ಗಂಟು ಹೊರುತ್ತಿದ್ದ. ಸಾಯಗಾಂವದ ಅತ್ತೆ, ಅಪ್ಪನ ಅಕ್ಕ, ಅವಳಿಗೆ ಮಾತ್ರ ಪುಸ್ತಕ ಓದಲು ಬರದಿದ್ದರೂ ನನ್ನನ್ನು ಓದಲು ಬರುತ್ತಿತ್ತು.

"ಏ ವಿಮಲಿ, ಬುದ್ಧನೂ ಇಷ್ಟು ಹೊತ್ತು ಒಂದೇ ಕಡಿ ಕೂತಿರ್ಲಿಕ್ಕಿಲ್ಲ ನೋಡವ್ವ. ಏಳು, ಬಾಂಡೆ ತಿಕ್ಕು."

ಬಾಂಡೆ ತಿಕ್ಕಿದ್ದು ರತ್ನಾ. ಬುದ್ಧನ ಮೊಣಕಾಲು, ಎದೆ, ಕೈ, ಕಿವಿ, ಕೂದಲು ಹಾಕಿದ್ದೂ ರತ್ನಾ.

ರತ್ನಾ ಮಾರುತಿ ಕಾಕಾನ ಮಗಳು. ಕಾಕಾ ಅಪ್ಪನ ದಾಯಾದಿ, ಔರಾದ ಕಡೆಯ ಹಳ್ಳಿಯವನು. ಗಂಡ ಹೆಂಡತಿ ಮೊದಲು ಮುಂಬೈಗೆ ಹೋಗಿ, ಇರಲು ಒಂದು ಖೋಲಿ ಸಿಕ್ಕ ಮೇಲೆ ಮಗಳನ್ನು ಕರೆಸಿಕೊಳ್ಳುವುದೆಂದು, ಅವಳನ್ನು ಎರಡು ದಿನಕ್ಕೆ ನಮ್ಮಲ್ಲಿ ಬಿಟ್ಟರು. ಎರಡು ದಿನ ಒಂದೂವರೆ ತಿಂಗಳಾಯಿತು. ನನಗಿಂತ ಒಂದು ವರ್ಷ ಚಿಕ್ಕವಳು, ಏಳನೇ ಇಯತ್ತೆಗೆ ಸಾಲಿ ಬಿಟ್ಟಿದ್ದಳು, ತಾಯಿಯ ಜೊತೆ ಕೂತು ಕೌದಿ ಹೊಲಿದು ಪಳಗಿದ ಕೈ. ಬಂದ ಮಾರನೆಯ ದಿನ ಪಾತ್ರೆ ತಿಕ್ಕಿದ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ನಿಂತಳು.

"ವಿಮಲಕ್ಕ, ಇದು ಬುದ್ಧನ ಮೊಣಕಾಲೋ, ಎಮ್ಮಿ ಬೆನ್ನೋ?"

"ನಿನಗ ತಿಳೀತದೇನ? ಇದು ನಮೂನಿ ನೋಡಿ ಎಣಿಸಿ ಹಾಕೂದು."

"ಎಣಿಸ್ಲಿಕ್ಕ ಬರ್ತದ. ನೀ ಓದು, ನಾ ಒಂದು ಸಾಲು ಹಾಕ್ತೇನಿ."

ಎಮ್ಮೆಯ ಬೆನ್ನನ್ನು ಮೊದಲು ಬಿಚ್ಚಿದಳು. ಒಂದು ಸಾಲು ಎಂದವಳು ಸಂಜೆಯ ಹೊತ್ತಿಗೆ ಮೊಣಕಾಲು ಮುಗಿಸಿದ್ದಳು. ಡೈರಿಯಲ್ಲಿ ಅಂದು ರತ್ನಾ ಎಂಬ ಹೆಸರಿಲ್ಲ. ಮುಂದೆಯೂ ಇಲ್ಲ. ಒಂದು ಕಡೆ ಮಾತ್ರ "ಮಾ. ಕಾಕಾನ ಮಗಳಿಗೆ ಜ್ವರ, ಬುದ್ಧ ನಿಂತಿದ್ದಾನೆ" ಎಂದಿದೆ. ನಾನೇ ಬರೆದ ವಾಕ್ಯ. ಜ್ವರ ಅವಳಿಗೆ, ಬುದ್ಧ ಯಾಕೆ ನಿಂತ ಎಂದು ಬರೆದವಳಿಗೆ ಹೊಳೆದಿಲ್ಲ.

ಹೊಲಿಯುತ್ತ ಅವಳು ಒಂದೇ ಮಾತನ್ನು ನಾಲ್ಕಾರು ಸಲ ಆಡಿದ್ದಳು. ಇದು ಡೈರಿಯಲ್ಲಿಲ್ಲ, ಆದರೂ ನನಗೆ ಖಾತ್ರಿ ಇದೆ. ನನಗೆ ಅನುಕೂಲವಲ್ಲದ ನೆನಪುಗಳನ್ನು ನಾನು ಸ್ವಲ್ಪ ಹೆಚ್ಚು ನಂಬುತ್ತೇನೆ.

"ವಿಮಲಕ್ಕ, ಇಲ್ಲೇ ಎಲ್ಯಾರ ಕೆಲಸ ಸಿಕ್ಕರ ನಾ ಮುಂಬೈಗಿ ಹೋಗಂಗಿಲ್ಲ ನೋಡು. ಅಲ್ಲಿ ಇಟ್ಟಂಗಿ ಹೊರಬೇಕಂತ. ಎರಡು ಹೊತ್ತು ಊಟ, ಮಲಗಾಕ ಜಾಗ ಇದ್ರ ಸಾಕು. ಅಪ್ಪಗೂ ಹೇಳೀನಿ. ನಿಮಗ ದೊಡ್ಡ ಮಂದಿ ಗೊತ್ತಿರ್ತಾರಲ್ಲ, ಯಾರಿಗ್ಯಾರ ಕೇಳು."

"ಕೇಳ್ತೇನಿ, ತಡಿ" ಎನ್ನುತ್ತಿದ್ದೆ, ಪುಟ ತಿರುವುತ್ತ.

ಮದುವೆಗೆ ನಾಲ್ಕು ದಿನ ಇರುವಾಗ ಬುದ್ಧ ಪೂರ್ತಿಯಾದ, ಎಡಗಣ್ಣೊಂದು ಉಳಿದಿತ್ತು. ಆಗ ನನಗೆ ಕಲೆ ನೆನಪಾಯಿತು. ಮೂರ್ತಿ ಮಾಡುವವರು ಕಣ್ಣಿನ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಅದನ್ನು ಗುರುವೇ ಮಾಡುತ್ತಾನೆ ಎಂದು ಎಲ್ಲೋ ಓದಿದ್ದೆ. "ಕಣ್ಣು ನಾನೇ ಹಾಕ್ತೇನಿ" ಎಂದು ರಿಂಗು ಕಸಿದುಕೊಂಡೆ. ಬೆರಳಗಲದ ಆ ಕಣ್ಣಿಗೆ ಮೂರು ದಿನ ತೆಗೆದುಕೊಂಡೆ. ರೆಪ್ಪೆಗೂ ಕೆನ್ನೆಗೂ ನಡುವೆ ಎಣಿಕೆಯಲ್ಲಿ ಒಂದು ಸಾಲು ಬಿಟ್ಟುಹೋಗಿ, ಕೆಳಗಿನ ಬಿಳಿ ಬಟ್ಟೆ ಸಣ್ಣಗೆ ಇಣುಕುತ್ತಿತ್ತು.

"ಒಂದು ಸಾಲು ಬಿಟ್ಟೀದಿ, ವಿಮಲಕ್ಕ. ಕಣ್ಣು ತೆರದಂಗ ಕಾಣ್ತದ. ಬಿಚ್ಚು, ಈಗ ಹಾಕಿ ಕೊಡ್ತೇನಿ."

"ದೂರಿಂದ ಕಾಣಂಗಿಲ್ಲ" ಎಂದೆ.

ಚೌಕಟ್ಟು ಹಾಕುವವನಿಗೆ ಎರಡು ದಿನ ಬೇಕಿತ್ತು, ನಾನು ಅವನಿಗೆ ಉಳಿಸಿದ್ದು ಒಂದು ಸಂಜೆ. ಡೈರಿಯಲ್ಲಿ "ಫ್ರೇಮಿನವನು ಮೋಸ ಮಾಡಿದ" ಎಂದಿದೆ. ಬಡಪಾಯಿ.

ಗಾಜಿಲ್ಲದ ಬುದ್ಧನನ್ನು ರಟ್ಟಿಗೆ ಗುಂಡುಸೂಜಿ ಚುಚ್ಚಿ ರುಖವತದ ಮೇಜಿನ ಮೇಲೆ ನಿಲ್ಲಿಸಿದೆವು. ಬರಗಾಲದ ರುಖವತ: ಉಂಡೆಗಳ ಗುಡ್ಡದೊಳಗೆ ಬೋರಲು ಹಾಕಿದ ಬುಟ್ಟಿ, ಬುಟ್ಟಿಯ ಮೇಲೆ ಒಂದೇ ಪದರು ಉಂಡೆ. ಲಗ್ನಕ್ಕೆ ಇನ್ನೊಂದು ತಾಸಿರುವಾಗ ಸಿಲಾಯಿ ಬಾಯಿ ತಮ್ಮ ಕಡೆಯ ಹೆಂಗಸರೊಂದಿಗೆ ನೋಡಲು ಬಂದರು. ಉಂಡೆ ನೋಡಲಿಲ್ಲ, ತೋರಣ ನೋಡಲಿಲ್ಲ. ಕನ್ನಡಕ ಏರಿಸಿ ಬುದ್ಧನ ಮುಂದೆ ನಿಂತರು.

"ಒಂದು ಕಣ್ಣು ತೆರದಾನಲ್ಲ?"

ಸಾಯಗಾಂವದ ಅತ್ತೆ ಮುಂದೆ ಬಂದಳು. "ಬರಗಾಲ ಅಲ್ಲೇನ್ರಿ ಬಾಯಿ? ಜನಾ ಎಲ್ಲಾ ಊರು ಬಿಟ್ಟು ಹೊಂಟಾರ, ಅಂವ ಎರಡೂ ಕಣ್ಣು ಮುಚ್ಚಿ ಹ್ಯಾಂಗ ಕೂಡ್ತಾನ್ರಿ?"

ಹೆಂಗಸರೆಲ್ಲ ಕೈ ಮುಗಿದರು. ನನ್ನ ಎಣಿಕೆಯ ತಪ್ಪು ಹೀಗೆ ಕರುಣೆಯಾಯಿತು. ಇವತ್ತಿಗೂ ಅಕ್ಕನ ಮನೆಗೆ ಬಂದವರಿಗೆ ಅದನ್ನು ಹಾಗೆಯೇ ವಿವರಿಸುತ್ತಾರೆ.

ಬಾಯಿ ಕೈ ಮುಗಿಯಲಿಲ್ಲ. ಗುಂಡುಸೂಜಿ ಕಿತ್ತು ಬಟ್ಟೆಯನ್ನು ಹೊಳ್ಳಿಸಿದರು. ಕಸೂತಿ ಬಲ್ಲವರು ಮುಂದಿನದನ್ನು ನೋಡುವುದೇ ಇಲ್ಲ, ಹಿಂದಿನದನ್ನು ಓದುತ್ತಾರೆ. ಹಿಂದೆ ಕಮಲದ ಎರಡು ದಳಗಳ ಹತ್ತಿರ, ಕಣ್ಣಿನ ಹತ್ತಿರ ಗಂಟುಗಳ ಗುಡ್ಡೆ. ಉಳಿದದ್ದೆಲ್ಲ ನಯ. ಮತ್ತೆ ಮುಂದೆ ತಿರುಗಿಸಿ ಬೆರಳಿಟ್ಟರು.

"ಇದು ಇಬ್ಬರ ಕೈ. ಇಲ್ಲಿ ನೋಡ್ರಿ, ಮ್ಯಾಲಿನ ದಾರ ಬಲಕ್ಕ ಬಾಗೇದ. ಉಳದಲ್ಲೆಲ್ಲ ಎಡಕ್ಕ. ಒಂದು ಕಚ್ಚಾ ಕೈ, ಒಂದು ಪಕ್ಕಾ ಕೈ. ಪಕ್ಕಾ ಯಾರ್ದು?"

ನಮ್ಮ ಬೌದ್ಧ ಲಗ್ನದ ಪದ್ಧತಿಯಂತೆ ಬಿಳಿ ಸೀರೆಯುಟ್ಟು ಕೂತಿದ್ದ ಅಕ್ಕನ ಮುಖ ಸೀರೆಗಿಂತ ಬಿಳುಪಾಯಿತು. ಅವ್ವ ನನ್ನನ್ನು ನೋಡಿದಳು. ರತ್ನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ನೀರಿನ ತಂಬಿಗೆ ಇತ್ತೆಂದು ನನ್ನ ನೆನಪು. ಇರಲಿಕ್ಕಿಲ್ಲ. ತಂಬಿಗೆ ಇದ್ದರೆ ನನಗೆ ಅನುಕೂಲ: ಕೆಲಸದಲ್ಲಿದ್ದಳು, ಮಾತು ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ ಎನ್ನಬಹುದು.

"ಕಚ್ಚಾ ಕೈ ನಂದ್ರಿ ಬಾಯಿ" ಎಂದೆ. "ಪಕ್ಕಾ ಅಕ್ಕಂದು."

ಅರ್ಧ ಸತ್ಯ ಹೇಳಿದೆ. ಅದಕ್ಕೆ ವಿನಯದ ಹುಡುಗಿ ಎಂಬ ಹೆಸರೂ ಬಂತು.

"ಚಲೋ ಆತು" ಎಂದರು ಬಾಯಿ. "ಕ್ಲಾಸಿಗಿ ಒಬ್ಬಾಕಿ ಪಕ್ಕಾ ಕೈಯಾಕಿ ಬೇಕಾಗಿದ್ಲು. ಊಟಾ ಹಾಕಿ, ಪಗಾರ ಕೊಟ್ಟು, ಮನ್ಯಾಗೇ ಇಟ್ಕೋಬೇಕಂತ ಹುಡುಕ್ಲಿಕತ್ತಿದ್ದೆ. ಈಗ ಸೊಸಿನೇ ಬರ್ತಾಳಲ್ಲ."

ಎರಡು ಹೊತ್ತು ಊಟ, ಮಲಗಲು ಜಾಗ. ಕೇಳುತ್ತೇನೆ ಎಂದಿದ್ದೆನಲ್ಲ, ಕೇಳುವ ಶ್ರಮವೂ ಇಲ್ಲದೆ ಅದು ತಾನಾಗಿ ಮೇಜಿನ ಹತ್ತಿರ ಬಂದು ನಿಂತಿತ್ತು. ಇನ್ನೊಂದು ಹೆಸರು ಹೇಳಿದ್ದರೆ ಸಾಕಿತ್ತು. ಮದುವೆ ಮುರಿಯುತ್ತಿತ್ತೇ? ಆಗ ಹಾಗನ್ನಿಸಿತು ಎಂದು ಬರೆಯಬಹುದು. ಅನ್ನಿಸಿದ್ದಕ್ಕೆ ಆಧಾರವಿಲ್ಲ. ಆ ದಿನದ ಡೈರಿಯಲ್ಲಿ ಇರುವುದು ಫ್ರೇಮಿನವನೊಬ್ಬನೇ.

ಮೂರನೆಯ ದಿನ ಮಧ್ಯಾಹ್ನದ ಗಾಡಿಗೆ ರತ್ನಾ ಹೋದಳು. ಮುಂಬೈಗೆ ಹೊರಟ ಊರವರ ಜೊತೆ. ಅವ್ವ ರೊಟ್ಟಿಯ ಚೂರುಗಳನ್ನು ಕಟ್ಟಿಕೊಟ್ಟಳು. ಗಾಡಿ ಏರುವ ಮುನ್ನ ಅವಳು ನನಗೆ ಹೇಳಿದ್ದು ಒಂದೇ: "ಆ ಒಂದು ಸಾಲು ತುಂಬು, ವಿಮಲಕ್ಕ. ಕಂದು ದಾರ ಇನ್ನೂ ಉಳದದ."

ಅಕ್ಕನ ಕಥೆ ನಗುವಂಥದ್ದು. ಪಕ್ಕಾ ಕೈಯ ಸೊಸೆಯನ್ನು ಬಾಯಿ ಎಂಟನೇ ದಿನವೇ ಕ್ಲಾಸಿನಲ್ಲಿ ಕೂರಿಸಿದರು. ಅಕ್ಕ ಮೊದಲ ತಾಸಿನಲ್ಲೇ ಝಂಪರಿನ, ಎಂದರೆ ರವಿಕೆಯ, ತೋಳನ್ನು ತನ್ನ ಸೆರಗಿಗೇ ಸೇರಿಸಿ ಹೊಲಿದಳು. ಕತ್ತರಿಸಿ ಬಿಡಿಸುವಾಗ ಅತ್ತು ಒಪ್ಪಿಕೊಂಡಳು: ಬುದ್ಧ ತನ್ನದಲ್ಲ, ತಂಗಿ ವಿಮಲಿಯದು. ಅಂದಿನಿಂದ ನಾನು ತ್ಯಾಗಮಯಿ ತಂಗಿ. ಬಾಯಿ ಬೈದು, ಬೆರಳಿಗೆ ಸ್ಕೇಲಿನಿಂದ ಹೊಡೆದು, ಎರಡು ವರ್ಷದಲ್ಲಿ ಅಕ್ಕನಿಗೆ ಕಲಿಸಿಯೇ ಬಿಟ್ಟರು. ಔರಾದದ ಎಷ್ಟೋ ಮದುವೆಯ ಝಂಪರುಗಳು ಈಗ ಅಕ್ಕನ ಕೈಯವು. ಆ ಮಷಿನ್ನಿನ ಮುಂದಿನ ಜಾಗ ಇನ್ನೊಬ್ಬಳದಾಗಬಹುದಿತ್ತು ಎಂದು ಯಾರೂ ಹೇಳುವುದಿಲ್ಲ. ಹೇಳಬೇಕಾದವಳು ನಾನೊಬ್ಬಳೇ, ನಾನು ಬೆನ್ನು ಮಾಡಿ ಕೂತಿರುತ್ತೇನೆ.

ರತ್ನಾ ಒಮ್ಮೆ ಅಕ್ಕನ ಮನೆಗೆ ಬಂದಿದ್ದಳು. ಸಿಲಾಯಿ ಬಾಯಿ ತೀರಿಕೊಂಡಾಗ ಮಾತಾಡಿಸಿ ಹೋಗಲು, ಪ್ರಜ್ಞಾ ಇನ್ನೂ ಹುಟ್ಟಿರಲಿಲ್ಲ. ಕೈ ದಪ್ಪವಾಗಿದ್ದವು, ಉಗುರು ಒಡೆದಿದ್ದವು. ಯಾರೋ ಬುದ್ಧನ ಕರುಣೆಯ ಕಥೆ ಶುರು ಮಾಡಿದರು. ಅವಳು ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ತುಂಬಲಿಲ್ಲೇನ ವಿಮಲಕ್ಕ, ಆ ಸಾಲು?"

"ನೀ ಮತ್ತ ಕಶೀದಾ ಹಾಕಿದಿಯೇನ?" ಎಂದು ಕೇಳಿದೆ, ಮಾತು ಬದಲಿಸಲು. ಇದಕ್ಕಿಂತ ಕೆಟ್ಟ ಬದಲಾವಣೆ ಹೊಳೆಯಲಿಲ್ಲ.

"ಇಟ್ಟಂಗಿ ಕೆಲಸದಾಗ ಬಿಳಿ ಬಟ್ಟಿ ಎಲ್ಲಿಂದ ತರ್ಲಿ?" ಎಂದು ನಕ್ಕಳು. ನಕ್ಕದ್ದು ಖಂಡಿತ, ಯಾವ ಬಗೆಯ ನಗು ಎಂದು ಬರೆಯುವ ಧೈರ್ಯ ನನಗಿಲ್ಲ.

ಪ್ರಜ್ಞಾಳ ಕಾರ್ಡಿಗೆಂದು ನಿನ್ನೆ ಅಕ್ಕನಿಗೆ ಫೋನು ಮಾಡಿದೆ.

"ಸುಮ್ಕ ನಿನ್ನ ಹೆಸರೇ ಬರೀ" ಎಂದಳು ಅಕ್ಕ. "ಐವತ್ತು ವರ್ಷಾತು, ಈಗ ಯಾರು ಕೇಳ್ತಾರ?"

"ನಿನ್ನ ಅತ್ತಿ ಮುಂದ ನೀ ನನ್ನ ಹೆಸರು ಯಾಕ ಹೇಳ್ದಿ? ನಿನಗ ಗೊತ್ತಿತ್ತಲ್ಲ, ರತ್ನಿ ಹಾಕಿದ್ದಂತ."

"ರತ್ನಿ ಅಂದಿದ್ರ, ಲಗ್ನದ ದಿನಾನೇ ಯಾಕ ಹೇಳ್ಲಿಲ್ಲಂತ ಕೇಳ್ತಿದ್ಲು. ಮತ್ತ ಅತ್ತಿಗಿ ಗೊತ್ತೇ ಇತ್ತು ಬಿಡು. ಸಾಯೂ ಮುಂದ ಅಂದ್ಲು, 'ಆ ತಂಬಿಗಿ ಹಿಡಕೊಂಡು ನಿಂತಿದ್ಲಲ್ಲ, ಆ ಹುಡಗಿ ಸೂಜಿ ಚುಚ್ಚಿದ ಬೆರಳ ತುದಿ ನೋಡೇ ತಿಳದಿತ್ತು ನನಗ' ಅಂತ."

ಹಾಗಾದರೆ ತಂಬಿಗೆ ಇತ್ತು.

ಬಾಯಿಗೂ ಗೊತ್ತಿತ್ತು. ಪಗಾರ ಕೇಳುವ ಕೈಗಿಂತ ಕೇಳದ ಸೊಸೆಯ ಕೈ ಸಸ್ತಾ ಎಂದು ಅವರೂ ಸುಮ್ಮನಾಗಿದ್ದರು. ತಪ್ಪು ಇಷ್ಟು ಜನಕ್ಕೆ ಹಂಚಿಹೋದರೆ ನನ್ನ ಪಾಲಿಗೆ ಸ್ವಲ್ಪವೇ ಬರುತ್ತದೆ ಎಂದು ಒಂದು ಕ್ಷಣ ಹಗುರಾದೆ. ಫೋನು ಇಟ್ಟ ಮೇಲೆ ನೋಡಿದರೆ ಪಾಲು ಇದ್ದಷ್ಟೇ ಇತ್ತು. ಬಾಯಿಯ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನೊಬ್ಬಳೇ.

ಇವತ್ತು ಬೆಳಿಗ್ಗೆ ಎರಡು ಸಾಲು ಬರೆದು ಪ್ರಜ್ಞಾಳಿಗೆ ಕಳಿಸಿದೆ:

"ಕಮಲದ ಎರಡು ದಳ, ಎಡಗಣ್ಣು: ವಿಮಲಾ.
ಉಳಿದ ಬುದ್ಧ: ರತ್ನಾ."

ಬೇಳೆಯ ಪಾತ್ರೆ ಎತ್ತಿ ಪಕ್ಕಕ್ಕಿಟ್ಟು, ರಿಂಗಿನ ಸುಟ್ಟ ಕಲೆಯನ್ನು ಒರೆಸುತ್ತ ಕೂತಿದ್ದೆ. ಅದು ಹೋಗುವುದಿಲ್ಲವೆಂದು ಗೊತ್ತು. ಹತ್ತು ನಿಮಿಷದಲ್ಲಿ ಅವಳ ಉತ್ತರ ಬಂತು.

"ರತ್ನಾ ಯಾರ್ರಿ ಅಜ್ಜಿ?"

ನಮ್ಮ ಕಾಕಾನ ಮಗಳು ಎಂದು ಬರೆದೆ, ಅಳಿಸಿದೆ. ಎರಡು ದಿನಕ್ಕೆಂದು ಮನೆಗೆ ಬಂದಿದ್ದಳು ಎಂದು ಬರೆದೆ, ಅದನ್ನೂ ಅಳಿಸಿದೆ. ಕಡೆಗೆ ಬರೆದು ಕಳಿಸಿದ್ದು ಇಷ್ಟು:

"ಬುದ್ಧನ್ನ ಗೋಡಿಯಿಂದ ಇಳಿಸು. ಗಾಜು ತೆಗದು ಹತ್ತಿರಿಂದ ನೋಡು. ಮ್ಯಾಲಿನ ದಾರ ಎಡಕ್ಕ ಬಾಗಿದ್ದೆಲ್ಲಾ ಆಕಿ."